ಹೋಫ್ದಿ ಮನೆಯ ಕಿಟಕಿ: ರೇಕ್ಯಾವಿಕ್‌ನಲ್ಲಿ ಐದು ದಿನ

ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ನಾನು. ಊರು ಯಲ್ಲಾಪುರದ ಹತ್ತಿರ. 1986ರ ಅಕ್ಟೋಬರಿನಲ್ಲಿ ಕೆಲಸಕ್ಕೆ ಸೇರಿ ಎರಡೇ ವರ್ಷವಾಗಿತ್ತು. ದಿನಾ ಬೆಳಿಗ್ಗೆ ರೇಡಿಯೋ ವಾರ್ತೆ ಕೇಳಿಕೊಂಡು ಹೋಗಿ, ಬೋರ್ಡಿನ ಮೂಲೆಯಲ್ಲಿ ಒಂದು ಸಾಲು ಸುದ್ದಿ ಬರೆಯುವುದು ನನ್ನ ಪದ್ಧತಿ. ಆ ಸೋಮವಾರ ಬರೆದ ಸಾಲು ಇನ್ನೂ ನೆನಪಿದೆ: 'ರೇಗನ್–ಗೊರ್ಬಚೆವ್ ಮಾತುಕತೆ ವಿಫಲ.' ರೇಗನ್ ಅಮೆರಿಕದ ಅಧ್ಯಕ್ಷರು, ಗೊರ್ಬಚೆವ್ ಸೋವಿಯತ್ ನಾಯಕರು. ಅಣ್ವಸ್ತ್ರ ಕಡಿಮೆ ಮಾಡುವ ಬಗ್ಗೆ ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ, ಹೋಫ್ದಿ ಎಂಬ ಮನೆಯಲ್ಲಿ ಎರಡು ದಿನ ಕೂತು ಮಾತಾಡಿದ್ದರು.

ಮುಂದಿನ ವರ್ಷ ಡಿಸೆಂಬರಿನಲ್ಲಿ ಅದೇ ಇಬ್ಬರು ವಾಷಿಂಗ್ಟನ್‌ನಲ್ಲಿ ಕೂತು ಕ್ಷಿಪಣಿ ನಾಶದ ಒಪ್ಪಂದಕ್ಕೆ ಸಹಿ ಹಾಕಿದರು. ಅದನ್ನೂ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಅಕ್ಕೋರೆ, ಹೋದ ವರ್ಷ ಮುರಿದುಬಿತ್ತು ಅಂದಿದ್ರಿ. ಮುರಿದ ಮಾತಿಂದ ಒಪ್ಪಂದ ಹೆಂಗೆ ಬಂತು?" ನನಗೆ ಗೊತ್ತಿರಲಿಲ್ಲ. "ಅದು ಬೇರೆ, ಇದು ಬೇರೆ. ಕೂತ್ಕೋ" ಅಂದೆ.

ಆ ಪ್ರಶ್ನೆ ನನ್ನ ಜೊತೆಗೇ ಉಳಿಯಿತು. ನಿವೃತ್ತಿಯಾದ ಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಆ ಎರಡು ದಿನ ಒಳಗೆ ಯಾರು ಏನು ಮಾತಾಡಿದರು ಎಂಬ ಟಿಪ್ಪಣಿಗಳನ್ನು ಎರಡೂ ದೇಶಗಳು ಈಗ ಹೊರಗೆ ಬಿಟ್ಟಿವೆ. ಓದುತ್ತಾ ಓದುತ್ತಾ ಆ ಮನೆಯನ್ನೇ ಒಮ್ಮೆ ನೋಡಬೇಕು ಅನ್ನಿಸಿತು. ಮಗಳು ಕೋಪನ್‌ಹೇಗನ್‌ನಲ್ಲಿದ್ದಾಳೆ. ಈ ಸಲ ದಸರಾ ಮುಗಿಯುತ್ತಲೇ ಅವಳಲ್ಲಿಗೆ ಹೋಗಿದ್ದೆ. "ಆಯಿ, ಇಲ್ಲಿಂದ ಐಸ್‌ಲ್ಯಾಂಡಿಗೆ ಮೂರು ತಾಸು ಅಷ್ಟೇ. ಹೋಗಿಬರೋಣ" ಅಂದಳು. ಕ್ಯಾಲೆಂಡರ್ ತೆಗೆದು ನೋಡಿದರೆ 2025ರ ಅಕ್ಟೋಬರ್ 11 ಶನಿವಾರ, 12 ಭಾನುವಾರ. 1986ರಲ್ಲೂ ಅದೇ ವಾರ, ಅದೇ ತಾರೀಖು.

ಅಕ್ಟೋಬರ್ 9, ಗುರುವಾರ

ಕೆಫ್ಲಾವಿಕ್ ವಿಮಾನ ನಿಲ್ದಾಣದಿಂದ ರೇಕ್ಯಾವಿಕ್‌ಗೆ ಬಸ್ಸಿನಲ್ಲಿ ಮುಕ್ಕಾಲು ತಾಸು. ದಾರಿಯುದ್ದಕ್ಕೂ ಕಪ್ಪು ಲಾವಾ ಕಲ್ಲು, ಅದರ ಮೇಲೆ ಹಾವಸೆ. ಮರವೇ ಇಲ್ಲ. ಕಾಡಿನ ನಡುವೆ ಬೆಳೆದ ನನಗೆ ಎಲ್ಲಿ ಕಣ್ಣು ಊರಬೇಕೋ ತಿಳಿಯಲಿಲ್ಲ. ಗಾಳಿ ಮಾತ್ರ ನಿಂತಲ್ಲಿ ನಿಲ್ಲಲು ಬಿಡುತ್ತಿರಲಿಲ್ಲ.

ರೂಮಿನ ನಲ್ಲಿ ತಿರುಗಿಸಿದರೆ ಬಿಸಿನೀರಿನ ಜೊತೆ ಗಂಧಕದ ವಾಸನೆ. ಭೂಮಿಯೊಳಗಿಂದಲೇ ಬರುವ ಬಿಸಿನೀರು, ಊರಿಗೆ ಊರನ್ನೇ ಬೆಚ್ಚಗಿಡುತ್ತದೆ. ಮಗಳು ಅಂಗಡಿಯಿಂದ ಸ್ಕಿರ್ ತಂದಳು. ನಮ್ಮ ಗಟ್ಟಿ ಮೊಸರಿನ ಹಾಗೆಯೇ ಇದೆ. ಜೊತೆಗೆ ತಂದಿದ್ದ ಅವಲಕ್ಕಿಗೆ ಅದನ್ನು ಕಲಸಿ, ಅಪ್ಪೆಮಿಡಿ ನೆಂಚಿಕೊಂಡು ಊಟ ಮುಗಿಸಿದೆವು.

ಸಂಜೆ ದೋಣಿ ಹತ್ತಿ ವಿಡೇ ದ್ವೀಪಕ್ಕೆ ಹೋದೆವು. ಐದು ನಿಮಿಷದ ದಾರಿ. ಬೀಟಲ್ಸ್ ಹಾಡುಗಾರ ಜಾನ್ ಲೆನನ್ ಅವರ ಹೆಂಡತಿ, ಕಲಾವಿದೆ ಯೋಕೊ ಓನೊ 2007ರಲ್ಲಿ ಅಲ್ಲಿ ಒಂದು ಬೆಳಕಿನ ಕಂಬ ಮಾಡಿಸಿದ್ದಾರೆ. ಹೆಸರು ಇಮ್ಯಾಜಿನ್ ಪೀಸ್ ಟವರ್. ಕಂಬ ಅಂದರೆ ಕಲ್ಲಿನದಲ್ಲ, ಕಬ್ಬಿಣದ್ದೂ ಅಲ್ಲ. ದುಂಡನೆಯ ಬಿಳಿ ಬಾವಿಯಂಥ ಕಟ್ಟೆ, ಅದರೊಳಗೆ ದೊಡ್ಡ ದೊಡ್ಡ ದೀಪಗಳು. ಜಾನ್ ಲೆನನ್ ಹುಟ್ಟಿದ ದಿನ ಅಕ್ಟೋಬರ್ 9ಕ್ಕೆ ಹಚ್ಚಿ, ಅವರನ್ನು ಗುಂಡಿಟ್ಟು ಕೊಂದ ದಿನ ಡಿಸೆಂಬರ್ 8ರವರೆಗೆ ರಾತ್ರಿ ರಾತ್ರಿ ಉರಿಸುತ್ತಾರೆ.

ಕತ್ತಲಾಗುವುದನ್ನು ಕಾಯುತ್ತಾ ನೂರಾರು ಜನ ಹುಲ್ಲಿನ ಮೇಲೆ ನಿಂತಿದ್ದರು. ಮಕ್ಕಳು, ಮುದುಕರು, ಬೆನ್ನಿಗೆ ಕೂಸು ಕಟ್ಟಿಕೊಂಡ ಅಪ್ಪಂದಿರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಬೆಳಕು ಒಮ್ಮೆಲೇ ಬರಲಿಲ್ಲ. ಮೊದಲು ಬಾವಿಯ ಬಾಯಿ ಮಾತ್ರ ಬೆಳ್ಳಗಾಯಿತು. ಆಮೇಲೆ ನಿಧಾನಕ್ಕೆ ಮೇಲೇರಿತು. ಆ ಬೆಳಕಿನಲ್ಲಿ ಸೋನೆ ಮಳೆಯ ಒಂದೊಂದು ಹನಿಯೂ ಎದ್ದು ಕಾಣುತ್ತಿತ್ತು. ಮೋಡಕ್ಕೆ ತಾಗಿದಲ್ಲಿ ಅಗಲವಾಗಿ ಹರಡಿತು. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಕೈ ಮೇಲೆತ್ತಿ, ಬೆರಳ ಸಂದಿಯಿಂದ ಅದನ್ನೇ ನೋಡುತ್ತಿದ್ದಳು.

ಡಿಸೆಂಬರ್ 8. ಎಲ್ಲೋ ಕೇಳಿದ ತಾರೀಖು ಅನ್ನಿಸುತ್ತಲೇ ಇತ್ತು. ದೋಣಿಯಲ್ಲಿ ವಾಪಸ್ ಬರುವಾಗ ತಟ್ಟನೆ ಹೊಳೆಯಿತು. ಬೋರ್ಡಿನ ಮೇಲೆ ನಾನು ಬರೆದ ಆ ಎರಡನೇ ಸುದ್ದಿ, ರೇಗನ್ ಮತ್ತು ಗೊರ್ಬಚೆವ್ ಸಹಿ ಹಾಕಿದ್ದು 1987ರ ಡಿಸೆಂಬರ್ 8ರಂದು. ಯಾರೂ ಲೆಕ್ಕ ಹಾಕಿ ಇಟ್ಟಿದ್ದಲ್ಲ. ಆದರೂ ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಅಕ್ಟೋಬರ್ 10, ಶುಕ್ರವಾರ

ದಿನವಿಡೀ ಮಳೆ. ಊರೊಳಗೇ ಅಡ್ಡಾಡಿದೆವು.

ಊರ ನಡುವೆ ತ್ಯೋರ್ನಿನ್ ಅನ್ನುವ ಕೆರೆ ಇದೆ. ಬಾತುಕೋಳಿಗಳೇ ಬಾತುಕೋಳಿಗಳು. ಪ್ರತಿ ಆಗಸ್ಟಿನಲ್ಲಿ ಇಲ್ಲಿನ ಶಾಂತಿ ಸಂಘಟನೆಗಳು ಹಿರೋಷಿಮಾ, ನಾಗಾಸಾಕಿಯಲ್ಲಿ ಸತ್ತವರ ನೆನಪಿಗೆ ಈ ನೀರಿನಲ್ಲಿ ದೀಪ ತೇಲಿಬಿಡುತ್ತವೆ. ಮುಂದೆ ಬಂದರಿಗೆ ಹೋದೆವು. 1986ರಲ್ಲಿ ಗೊರ್ಬಚೆವ್ ಹೋಟೆಲಿನಲ್ಲಿ ಉಳಿಯಲಿಲ್ಲ. 'ಗಿಯೋರ್ಗ್ ಓಟ್ಸ್' ಅನ್ನುವ ಸೋವಿಯತ್ ಹಡಗು ಈ ಬಂದರಿನಲ್ಲಿ ನಿಂತಿತ್ತು, ಅದರಲ್ಲೇ ಅವರ ವಾಸ. ಈಗ ಅಲ್ಲಿ ತಿಮಿಂಗಿಲ ತೋರಿಸುವ ದೋಣಿಗಳು ಸಾಲಾಗಿ ನಿಂತಿವೆ.

ರಾತ್ರಿ ಮಗಳು ಕೇಳಿದಳು, "ಆಯಿ, ಅಷ್ಟು ದೊಡ್ಡ ದೇಶದವರು ಇಷ್ಟು ಸಣ್ಣ ಊರಿಗೆ ಯಾಕೆ ಬಂದರು?"

ನನಗೆ ತಿಳಿದಷ್ಟು ಹೇಳಿದೆ. ಆ ವರ್ಷ ಏಪ್ರಿಲಿನಲ್ಲಿ ಸೋವಿಯತ್ ದೇಶದ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿತ್ತು. ಒಂದೇ ಒಂದು ರಿಯಾಕ್ಟರಿನ ವಿಷ ಎಷ್ಟು ದೂರ ಹೋಗುತ್ತದೆ ಅನ್ನುವುದು ಗೊರ್ಬಚೆವ್ ಅವರಿಗೆ ತಮ್ಮ ನೆಲದಲ್ಲೇ ಗೊತ್ತಾಯಿತು. ಆಗ ಜಗತ್ತಿನಲ್ಲಿದ್ದ ಅಣ್ವಸ್ತ್ರಗಳು ಸುಮಾರು 70,000. ಅಧಿಕಾರಿಗಳ ಮಟ್ಟದ ಮಾತುಕತೆ ಜಿನೀವಾದಲ್ಲಿ ತಿಂಗಳುಗಟ್ಟಲೆ ನಿಂತಲ್ಲೇ ನಿಂತಿತ್ತು. ಸೆಪ್ಟೆಂಬರಿನಲ್ಲಿ ಗೊರ್ಬಚೆವ್ ರೇಗನ್‌ಗೆ ಪತ್ರ ಬರೆದರು: ಬೇಗ ಒಮ್ಮೆ ಎದುರುಬದುರು ಕೂರೋಣ, ಐಸ್‌ಲ್ಯಾಂಡ್ ಆಗಬಹುದು, ಇಲ್ಲವೇ ಲಂಡನ್. ರೇಗನ್ ಐಸ್‌ಲ್ಯಾಂಡ್ ಆರಿಸಿದರು. ಸುದ್ದಿ ಹೊರಬಿದ್ದದ್ದು ಸೆಪ್ಟೆಂಬರ್ 30ಕ್ಕೆ. ಈ ಪುಟ್ಟ ಊರಿಗೆ ತಯಾರಿಗೆ ಸಿಕ್ಕಿದ್ದು ಹತ್ತೇ ದಿನ. ನಮ್ಮಲ್ಲಿ ಒಂದು ಮದುವೆಗೂ ಇದಕ್ಕಿಂತ ಜಾಸ್ತಿ ದಿನ ಬೇಕು ಅಲ್ವಾ?

ಅಕ್ಟೋಬರ್ 11, ಶನಿವಾರ

ಬೆಳಿಗ್ಗೆ ಎಂಟಕ್ಕೆ ಬೆಳಕು ಹರಿಯಿತು. ಸಮುದ್ರದ ದಂಡೆಯ ರಸ್ತೆ ಹಿಡಿದು ನಡೆದೇ ಹೋದೆವು. ಒಂದು ಕಡೆ ನೀರು, ಇನ್ನೊಂದು ಕಡೆ ಗಾಜಿನ ದೊಡ್ಡ ಕಟ್ಟಡಗಳು. ಅವುಗಳ ಮುಂದೆ ಹಸಿರು ಹುಲ್ಲಿನ ನಡುವೆ ಒಂಟಿಯಾಗಿ ಒಂದು ಬಿಳಿ ಮನೆ.

ನಾನು ಅಂದುಕೊಂಡಿದ್ದಕ್ಕಿಂತ ಸಣ್ಣದು. ಎರಡು ಅಂತಸ್ತು, ಪೂರ್ತಿ ಮರದ್ದು. ಫ್ರಾನ್ಸ್ ದೇಶದ ಪ್ರತಿನಿಧಿಗಾಗಿ (ಕಾನ್ಸುಲ್) 1909ರಲ್ಲಿ ಕಟ್ಟಿದ್ದು. ನಮ್ಮ ಕಡೆಯ ಹಳೆಯ ಹೆಗಡೆಯವರ ಮನೆಗಳೇ ಇದಕ್ಕಿಂತ ದೊಡ್ಡವು. ಒಳಗೆ ಯಾರನ್ನೂ ಬಿಡುವುದಿಲ್ಲ. ಈಗ ಅದು ನಗರಸಭೆಯ ಅತಿಥಿ ಸತ್ಕಾರದ ಮನೆ. ಆದರೆ ಸುತ್ತ ಬೇಲಿಯಿಲ್ಲ, ಕಾವಲಿಲ್ಲ. ಹತ್ತಿರ ಹೋಗಿ ಗೋಡೆ ಮುಟ್ಟಬಹುದು. ಮುಟ್ಟಿದೆ. ಮಳೆಯಲ್ಲಿ ನೆನೆದ ಹಲಗೆ, ತಣ್ಣಗೆ ಕೊರೆಯುತ್ತಿತ್ತು. ಬಣ್ಣದ ಮೇಲೆ ಬಣ್ಣ ಬಳಿದು ಅಂಚುಗಳೆಲ್ಲ ದಪ್ಪಗಾಗಿವೆ. ಹಲಗೆ ಹಲಗೆಯ ನಡುವಿನ ಸಂದಿಯಲ್ಲಿ ಉಪ್ಪುಗಾಳಿ ತಂದ ಸಣ್ಣ ಮರಳು.

ಆ ಎರಡು ದಿನ ನಾಯಕರಿಬ್ಬರೂ ಕೂತದ್ದು ನೆಲಮಾಳಿಗೆಯಲ್ಲೋ ದರ್ಬಾರಿನಲ್ಲೋ ಅಲ್ಲ. ಸಮುದ್ರ ಕಾಣುವ ಒಂದು ಸಣ್ಣ ಕೋಣೆ, ಒಂದು ಸಣ್ಣ ಮೇಜು. ರೇಗನ್, ಗೊರ್ಬಚೆವ್. ಜೊತೆಗೆ ವಿದೇಶಾಂಗ ಸಚಿವರಾದ ಶುಲ್ಟ್ಜ್ ಮತ್ತು ಶೆವರ್ಡ್ನಾಡ್ಜೆ. ಭಾಷಾಂತರ ಮಾಡುವವರು, ಬರೆದುಕೊಳ್ಳುವವರು. ಅಷ್ಟೇ. ಉಳಿದ ಪರಿವಾರವೆಲ್ಲ ಮಹಡಿಯ ಕೋಣೆಗಳಲ್ಲಿ ಒತ್ತೊತ್ತಿಕೊಂಡು ಕೂತಿತ್ತು. ಎಷ್ಟು ಇಕ್ಕಟ್ಟು ಅಂದರೆ, ಅಮೆರಿಕದ ಅಧಿಕಾರಿಗಳಿಬ್ಬರು ಬರೆಯಲು ಜಾಗ ಸಿಗದೆ ಬಚ್ಚಲುಮನೆಗೆ ಹೋದರು. ಸ್ನಾನದ ತೊಟ್ಟಿಯ ಮೇಲೆ ಹಲಗೆ ಇಟ್ಟು, ಅದರ ಮೇಲೆ ಕಾಗದ ಹರಡಿ ಪ್ರಸ್ತಾವದ ಕರಡು ಬರೆದರು. ಸಾವಿರಾರು ಕ್ಷಿಪಣಿಗಳ ಹಣೆಬರಹ ಬಚ್ಚಲ ಹಲಗೆಯ ಮೇಲೆ! ಓದಿದಾಗ ನಂಬಿರಲಿಲ್ಲ. ಮನೆ ನೋಡಿದ ಮೇಲೆ ನಂಬಿದೆ.

ಮನೆಯ ಹಿಂದೆ ಮುಂದೆ ಮೂರು ಸುತ್ತು ಹಾಕಿದೆ. ಮಗಳಿಗೆ ಚಳಿ. "ಆಯಿ, ನೀ ನೋಡ್ತಿರು, ನಾ ಕಾಫಿ ತರ್ತೆ" ಎಂದು ಹೋದಳು. ಹತ್ತಿರದಲ್ಲೇ ಬರ್ಲಿನ್ ಗೋಡೆಯ ಒಂದು ತುಂಡು ನಿಲ್ಲಿಸಿದ್ದಾರೆ. ಮೇಲೆ ದೊಡ್ಡದೊಂದು ಮುಖ ಬಿಡಿಸಿದ್ದಾರೆ. ಅದರ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ನಿಂತು ನನ್ನ ನೋಟ್‌ಬುಕ್ ತೆಗೆದೆ. ನನಗೆ ಬೇಕಾಗಿದ್ದ ಉತ್ತರ ಇದ್ದದ್ದು ಹಗಲಿನ ಮಾತುಕತೆಯಲ್ಲಲ್ಲ. ಇದೇ ಶನಿವಾರದ ರಾತ್ರಿಯಲ್ಲಿ.

ಶನಿವಾರ ಸಂಜೆ ನಾಯಕರಿಬ್ಬರೂ ತಾವು ಉಳಿದಲ್ಲಿಗೆ ಹೋದರು. ರಾತ್ರಿ ಎಂಟಕ್ಕೆ ಅವರ ತಜ್ಞರು ಈ ಮನೆಯಲ್ಲೇ ಕೂತರು. ಅಮೆರಿಕದ ಕಡೆಯಿಂದ ಪಾಲ್ ನಿಟ್ಸೆ. ವಯಸ್ಸು 79. ನಾಲ್ಕು ವರ್ಷ ಹಿಂದೆ, 1982ರಲ್ಲಿ, ಜಿನೀವಾದ ಹತ್ತಿರದ ಕಾಡಿನಲ್ಲಿ ಸೋವಿಯತ್ ಪ್ರತಿನಿಧಿಯ ಜೊತೆ ನಡೆಯುತ್ತಾ ಹೋಗಿ, ಮರದ ದಿಮ್ಮಿಯ ಮೇಲೆ ಕೂತು ಕ್ಷಿಪಣಿ ಕಡಿಮೆ ಮಾಡುವ ಒಂದು ಸೂತ್ರ ಬರೆದಿದ್ದವರು. ಆಗ ಎರಡೂ ರಾಜಧಾನಿಗಳು ಅದನ್ನು ತಳ್ಳಿಹಾಕಿದ್ದವು. ಸೋವಿಯತ್ ಕಡೆಯಿಂದ ಬಂದವರು ಸೇನಾ ಮುಖ್ಯಸ್ಥ ಮಾರ್ಷಲ್ ಅಖ್ರೊಮೇಯೆವ್. ಲೆನಿನ್‌ಗ್ರಾಡ್ ಮುತ್ತಿಗೆಯ ಕಾಲದಲ್ಲಿ ಕಾದಾಡಿದ ಯೋಧ. ಸೇನಾಧಿಪತಿಯನ್ನೇ ಮಾತುಕತೆಯ ಮೇಜಿನಲ್ಲಿ ನೋಡಿ ಅಮೆರಿಕದವರಿಗೆ ಅಚ್ಚರಿ. ಆದರೆ ಆ ಮನುಷ್ಯನಿಗೆ ಯುದ್ಧ ಅಂದರೆ ಏನೆಂದು ಗೊತ್ತಿತ್ತು. ಆಗುವುದಕ್ಕೆ ಆಗುತ್ತದೆ, ಆಗದ್ದಕ್ಕೆ ಆಗದು ಎಂದು ನೇರವಾಗಿ ಹೇಳಬಲ್ಲ ಅಧಿಕಾರವೂ ಇತ್ತು.

ರಾತ್ರಿ ಎರಡಕ್ಕೆ ಮಾತು ಸಿಕ್ಕಿಹಾಕಿಕೊಂಡಿತು. ಸಿಟ್ಟು ಮಾಡಿಕೊಂಡು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಸ್ವಲ್ಪ ಹೊತ್ತು ಬಿಡುವು ಅಂದರು. ನಿಟ್ಸೆ ಹೋಗಿ ಶುಲ್ಟ್ಜ್ ಅವರನ್ನು ಎಬ್ಬಿಸಿದರು. ಅಖ್ರೊಮೇಯೆವ್ ಹೋಗಿ ಗೊರ್ಬಚೆವ್ ಅವರನ್ನು ಎಬ್ಬಿಸಿದರು. ಇಬ್ಬರೂ ತಿರುಗಿ ಬಂದು ಮತ್ತೆ ಕೂತರು. ಎದ್ದದ್ದು ಬೆಳಗಿನ ಆರು ಇಪ್ಪತ್ತಕ್ಕೆ. ಅಷ್ಟು ಹೊತ್ತಿಗೆ ಎರಡು ಅಂಕಿ ಗಟ್ಟಿಯಾಗಿದ್ದವು. ದೂರದ ಗುರಿಗೆ ಬೀಳುವ ಸಿಡಿತಲೆಗಳು ಒಬ್ಬೊಬ್ಬರಿಗೆ 6,000 ಮೀರಬಾರದು. ಅವನ್ನು ಹೊರುವ ಕ್ಷಿಪಣಿ ಮತ್ತು ವಿಮಾನಗಳು 1,600 ಮೀರಬಾರದು.

ಈ ಎರಡು ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲಿ ಬರೆದುಕೊಂಡಿದ್ದೆ. 1991ರ ಜುಲೈ 31ರಂದು ಮಾಸ್ಕೋದಲ್ಲಿ ಸಹಿಯಾದ, ದೂರ ಹಾರುವ ಅಣ್ವಸ್ತ್ರ ಕಡಿಮೆ ಮಾಡುವ ಸ್ಟಾರ್ಟ್ ಒಪ್ಪಂದದಲ್ಲಿ ಇರುವುದು ಇವೇ ಅಂಕಿಗಳು: 6,000 ಮತ್ತು 1,600. ಐದು ವರ್ಷ ಕಳೆದರೂ ಬದಲಾಗಲಿಲ್ಲ. ಆ ರಾತ್ರಿ ಈ ಹಲಗೆ ಗೋಡೆಗಳ ಒಳಗೆ ನಿದ್ದೆಗೆಟ್ಟು ಬರೆದದ್ದು ಹಾಗೇ ಉಳಿಯಿತು.

ನಾನು ಬೋರ್ಡಿನ ಮೇಲೆ 'ವಿಫಲ' ಎಂದು ಬರೆಯುವಾಗ ಆ ಅಂಕಿಗಳಿಗೆ ಆಗಲೇ ಒಂದು ದಿನ ವಯಸ್ಸಾಗಿತ್ತು.

ಮಗಳು ಕಾಫಿ ತಂದಳು. ಎರಡೂ ಕೈಯಲ್ಲಿ ಕಪ್ ಹಿಡಿದು ಕಿಟಕಿಯ ಕೆಳಗೆ ನಿಂತು ಕುಡಿದೆವು. ಗಾಜಿನಲ್ಲಿ ಕಂಡದ್ದು ನಮ್ಮ ಮುಖ, ಹಿಂದೆ ಸಮುದ್ರ, ಆಚೆ ದಂಡೆಯಲ್ಲಿ ಹಿಮ ಹೊದ್ದ ಎಸ್ಯಾ ಬೆಟ್ಟದ ತುದಿ. ಹಣೆಗೆ ಕೈ ಅಡ್ಡ ಹಿಡಿದು ಒಳಗೆ ಇಣುಕಿದರೆ ಒಂದು ಕುರ್ಚಿಯ ಬೆನ್ನು ಕಂಡಿತು.

ಅಕ್ಟೋಬರ್ 12, ಭಾನುವಾರ

ಬೆಳಿಗ್ಗೆ ಥಿಂಗ್ವೆಲ್ಲಿರ್‌ಗೆ ಹೋದೆವು. ರೇಕ್ಯಾವಿಕ್‌ನಿಂದ ನಲವತ್ತೈದು ಕಿಲೋಮೀಟರ್. ಅಮೆರಿಕ ಖಂಡದ ಭೂಫಲಕ, ಯುರೇಷ್ಯಾದ ಭೂಫಲಕ ಇಲ್ಲಿ ಬೇರೆ ಬೇರೆಯಾಗುತ್ತಾ ಸರಿಯುತ್ತಿವೆ. ನಡುವೆ ದೊಡ್ಡ ಬಿರುಕು. ಎರಡೂ ಬದಿಗೆ ಕಪ್ಪು ಕಲ್ಲಿನ ಗೋಡೆ, ನಡುವೆ ಕಾಲುದಾರಿ. ಕ್ರಿ.ಶ. 930ರಿಂದ ಐಸ್‌ಲ್ಯಾಂಡಿನ ಜನ ವರ್ಷಕ್ಕೊಮ್ಮೆ ಇಲ್ಲಿ ಸೇರಿ ವ್ಯಾಜ್ಯ ತೀರಿಸಿಕೊಳ್ಳುತ್ತಿದ್ದರು. ಬರೆದ ಕಾನೂನು ಇರಲಿಲ್ಲ. ಕಾನೂನನ್ನು ಬಾಯಿಪಾಠ ಮಾಡಿಕೊಂಡವನೊಬ್ಬ ಬಂಡೆಯ ಮೇಲೆ ನಿಂತು ಹೇಳುತ್ತಿದ್ದ. ವರ್ಷಕ್ಕೆ ಮೂರನೇ ಒಂದು ಪಾಲು, ಮೂರು ವರ್ಷಕ್ಕೆ ಪೂರ್ತಿ.

ಇಲ್ಲಿಗೆ ಬರಲು ನನಗೆ ಒಂದು ಕಾರಣ ಇತ್ತು. ಸುಮಾರು ಸಾವಿರದ ಇಸವಿಯಲ್ಲಿ ದ್ವೀಪದ ಜನ ಎರಡು ಪಾಲಾಗಿದ್ದರು. ಒಂದು ಕಡೆ ಹೊಸದಾಗಿ ಕ್ರೈಸ್ತರಾದವರು, ಇನ್ನೊಂದು ಕಡೆ ಹಳೆಯ ದೇವರುಗಳನ್ನು ಬಿಡದವರು. ಆಯುಧ ಹಿಡಿದೇ ಇಲ್ಲಿಗೆ ಬಂದಿದ್ದರು. ಕೊನೆಗೆ ಎರಡೂ ಕಡೆಯವರು ತೀರ್ಮಾನವನ್ನು ಕಾನೂನು ಹೇಳುವ ಥೋರ್ಗೆಯ್ರ್ ಕೈಗೆ ಬಿಟ್ಟರು. ಅವನು ಹಳೆಯ ದೇವರ ಕಡೆಯವನು. ಕಂಬಳಿ ಹೊದ್ದು ಮಲಗಿದ. ಒಂದು ಹಗಲು, ಒಂದು ರಾತ್ರಿ ಯಾರ ಹತ್ತಿರವೂ ಮಾತಾಡಲಿಲ್ಲ. ಎದ್ದು ಬಂದು ಹೇಳಿದ: ನಮಗೆಲ್ಲ ಒಂದೇ ಕಾನೂನಿರಲಿ. ಕಾನೂನು ಹರಿದರೆ ಶಾಂತಿಯೂ ಹರಿಯುತ್ತದೆ. ಎಲ್ಲರೂ ಕ್ರೈಸ್ತರಾಗೋಣ. ಹಳೆಯ ದೇವರನ್ನು ಮನೆಯೊಳಗೆ ಗುಟ್ಟಾಗಿ ಪೂಜಿಸಿದರೆ ಅಡ್ಡಿಯಿಲ್ಲ. ತನ್ನ ಪಕ್ಷವೇ ಸೋಲುವಂಥ ತೀರ್ಪನ್ನು ತಾನೇ ಕೊಟ್ಟ. ರಕ್ತ ಹರಿಯಲಿಲ್ಲ.

ಧ್ವಜಕಂಬ ನೆಟ್ಟ ಆ ಬಂಡೆಯ ಹತ್ತಿರ ನಿಂತಾಗ ಮಗಳು ಒಂದು ಮಾತು ಕೇಳಿದಳು. "ಇವರಿಗೆ ಸೈನ್ಯವೇ ಇಲ್ಲ. ಹಾಗಾದ್ರೆ ಅಣ್ವಸ್ತ್ರ ನಿಷೇಧದ ಒಪ್ಪಂದಕ್ಕೆ ಸಹಿ ಹಾಕಿದಾರಾ?" ಇಲ್ಲ. ಐಸ್‌ಲ್ಯಾಂಡ್ 1949ರಿಂದ ನ್ಯಾಟೋ ಸದಸ್ಯ ದೇಶ. 2021ರಲ್ಲಿ ಜಾರಿಗೆ ಬಂದ ಆ ನಿಷೇಧ ಒಪ್ಪಂದಕ್ಕೆ ಅದು ಸೇರಿಲ್ಲ. ನಮ್ಮ ದೇಶವೂ ಸೇರಿಲ್ಲ. ಎರಡನ್ನೂ ಹೇಳುವಾಗ ನನಗೆ ಬೇಸರವಾಯಿತು.

ಮಧ್ಯಾಹ್ನ ಬಸ್ಸಿನಲ್ಲಿ ವಾಪಸ್ ಬರುತ್ತಾ ಈ ಮೇ ತಿಂಗಳ ರಾತ್ರಿಗಳು ನೆನಪಾದವು. ಭಾರತ, ಪಾಕಿಸ್ತಾನ ನಾಲ್ಕು ದಿನ ಹೊಡೆದಾಡಿದವು. ಎರಡರ ಹತ್ತಿರವೂ ಅಣುಬಾಂಬು ಇದೆ. ಅಣಕು ರಕ್ಷಣಾ ಕಾರ್ಯಾಚರಣೆಯ ಪಟ್ಟಿಯಲ್ಲಿ ನಮ್ಮ ಕಾರವಾರದ ಹೆಸರೂ ಇತ್ತು. ಅಲ್ಲಿ ನೌಕಾನೆಲೆ ಇದೆ. ಘಟ್ಟದ ಬುಡದಲ್ಲಿ ಕೈಗಾ ಅಣುಸ್ಥಾವರ ಇದೆ. ಆ ನಾಲ್ಕು ರಾತ್ರಿ ನಾನು ಮಲಗಲಿಲ್ಲ. ಟಿವಿಯಲ್ಲಿ ಕೂಗಾಡುವವರನ್ನು ನೋಡಲಾಗದೆ ಹೊರಗೆ ಜಗಲಿಯಲ್ಲಿ ಕೂತಿರುತ್ತಿದ್ದೆ. ಮೇ 10ರ ಮಧ್ಯಾಹ್ನ ಎರಡೂ ಸೇನೆಗಳ ಕಾರ್ಯಾಚರಣೆ ಮುಖ್ಯಸ್ಥರು ಫೋನಿನಲ್ಲಿ ಮಾತಾಡಿದರು. ಗುಂಡು ನಿಲ್ಲಿಸುವುದೆಂದಾಯಿತು. ಆ ಫೋನ್ ತಂತಿಯನ್ನು ಹಿಂದೆ ಯಾರೋ ಕೂತು ಮಾತಾಡಿ ಎಳೆಸಿದ್ದರು. ಮೊದಲೇ ಎಳೆಸಿಟ್ಟಿದ್ದರಿಂದ ಬೇಕಾದಾಗ ಸಿಕ್ಕಿತು.

ಇನ್ನೊಂದೂ ಇದೆ, ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. 1988ರ ಡಿಸೆಂಬರ್ 31ಕ್ಕೆ ಇಸ್ಲಾಮಾಬಾದಿನಲ್ಲಿ ಎರಡೂ ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಒಬ್ಬರ ಅಣುಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡುವ ಹಾಗಿಲ್ಲ. 1992ರಿಂದ ಪ್ರತಿ ಜನವರಿ 1ರಂದು ತಮ್ಮ ತಮ್ಮ ಸ್ಥಾವರಗಳ ಪಟ್ಟಿಯನ್ನು ಒಬ್ಬರಿಗೊಬ್ಬರು ಕೊಡುತ್ತಾರೆ. ಕಾರ್ಗಿಲ್ ಆದ ಮೇಲೂ ಕೊಟ್ಟರು. ಪುಲ್ವಾಮಾ ಆದ ಮೇಲೂ ಕೊಟ್ಟರು. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಬರುತ್ತದೆ. ನಾನು ಪ್ರತಿ ವರ್ಷ ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಕೈಗಾದಿಂದ ಅಷ್ಟೇನೂ ದೂರವಿಲ್ಲದ ಊರಿನಲ್ಲಿ ಮಲಗುವ ನನಗೆ ಅದು ಸಣ್ಣ ಸುದ್ದಿಯಲ್ಲ.

ಸಂಜೆ ಮತ್ತೆ ಹೋಫ್ದಿಗೆ ಹೋದೆವು. ಸೂರ್ಯ ಮುಳುಗಿದ್ದು ಆರೂ ಕಾಲು ದಾಟಿದ ಮೇಲೆ. ಮಳೆ ನಿಂತಿತ್ತು. ನಮ್ಮಂತೆಯೇ ಹತ್ತಾರು ಜನ ಬಂದಿದ್ದರು. ಒಬ್ಬರು ನಾಯಿ ತಿರುಗಿಸಲು ಬಂದವರು.

1986ರ ಈ ಸಂಜೆ ಏನಾಯಿತು? ಮೂರೇ ಸುತ್ತು ಮಾತು ಎಂದಿದ್ದದ್ದು ನಾಲ್ಕನೇ ಸುತ್ತಿಗೆ ಹೋಯಿತು. ಹತ್ತು ವರ್ಷದಲ್ಲಿ ಎಲ್ಲ ಅಣ್ವಸ್ತ್ರಗಳನ್ನೂ ಇಲ್ಲವಾಗಿಸಿದರೆ ನನಗೆ ಒಪ್ಪಿಗೆ ಎಂದರು ರೇಗನ್. ನಾವು ಮಾಡಬಹುದು ಎಂದರು ಗೊರ್ಬಚೆವ್. ಅಂಥ ಮಾತು ಅಷ್ಟು ದೊಡ್ಡ ಅಧಿಕಾರದಲ್ಲಿದ್ದವರ ಬಾಯಿಂದ ಬಂದದ್ದೇ ದೊಡ್ಡದು. ಆದರೆ ಆಕಾಶದಲ್ಲೇ ಕ್ಷಿಪಣಿ ತಡೆಯುವ ಅಮೆರಿಕದ ಯೋಜನೆಯೊಂದಿತ್ತು. ಅದರ ಪರೀಕ್ಷೆ ಪ್ರಯೋಗಾಲಯದ ಒಳಗೇ ಇರಬೇಕು ಎಂದು ಗೊರ್ಬಚೆವ್ ಪಟ್ಟು ಹಿಡಿದರು. ಆಗದು ಎಂದರು ರೇಗನ್. ಪ್ರಯೋಗಾಲಯ ಅನ್ನುವ ಆ ಒಂದು ಪದದ ಹತ್ತಿರ ಎಲ್ಲ ನಿಂತುಹೋಯಿತು. ಇಬ್ಬರೂ ಕತ್ತಲಲ್ಲಿ ಈ ಬಾಗಿಲಿನಿಂದ ಹೊರಗೆ ಬಂದರು. ಇನ್ನೇನು ಮಾಡಬಹುದಿತ್ತೋ ನನಗೆ ತಿಳಿಯದು ಎಂದರು ಗೊರ್ಬಚೆವ್. ಹೂಂ ಅನ್ನಬಹುದಿತ್ತು ಎಂದರು ರೇಗನ್. ಮಾರನೇ ದಿನ ಪತ್ರಿಕೆಗಳಲ್ಲಿ ಬಂದ ಫೋಟೋದಲ್ಲಿ ರೇಗನ್ ಮುಖ ಗಂಟಿಕ್ಕಿಕೊಂಡಿದೆ. ಅದನ್ನೇ ನೋಡಿ ನಾವೆಲ್ಲ ಮುಗಿಯಿತು ಅಂದುಕೊಂಡೆವು.

ಮುಗಿದಿರಲಿಲ್ಲ. ಆ ಸಂಜೆಯೇ ಇಲ್ಲಿನ ವಿಶ್ವವಿದ್ಯಾಲಯದ ಸಿನಿಮಾ ಮಂದಿರದಲ್ಲಿ ಗೊರ್ಬಚೆವ್ ಪತ್ರಕರ್ತರನ್ನು ಕಂಡರು. ಇದು ಸೋಲಲ್ಲ, ನಾವು ದಿಗಂತದಾಚೆ ಇಣುಕಿ ನೋಡಿ ಬಂದಿದ್ದೇವೆ ಅನ್ನುವ ಅರ್ಥದಲ್ಲಿ ಮಾತಾಡಿದರು. ಒಂದೂವರೆ ತಿಂಗಳಲ್ಲಿ ದೆಹಲಿಗೆ ಬಂದು, ಅಣ್ವಸ್ತ್ರವಿಲ್ಲದ, ಹಿಂಸೆಯಿಲ್ಲದ ಜಗತ್ತಿಗಾಗಿ ರಾಜೀವ್ ಗಾಂಧಿಯವರ ಜೊತೆ ಘೋಷಣೆಗೆ ಸಹಿ ಹಾಕಿದರು. ಇಲ್ಲಿ ಆಡಿದ ಮಾತೇ ಮುಂದುವರಿದು ಮುಂದಿನ ವರ್ಷ ವಾಷಿಂಗ್ಟನ್ ಒಪ್ಪಂದ ಬಂತು. 500ರಿಂದ 5,500 ಕಿಲೋಮೀಟರ್ ಹಾರುವ, ನೆಲದಿಂದ ಬಿಡುವ ಎಲ್ಲ ಕ್ಷಿಪಣಿಗಳನ್ನೂ ಎರಡೂ ದೇಶಗಳು ನಾಶ ಮಾಡಿದವು. ಒಟ್ಟು 2,692. ಅವರ ತಜ್ಞರು ಇವರ ಕಾರ್ಖಾನೆಗೆ ಬಂದು, ಇವರ ತಜ್ಞರು ಅವರ ನೆಲೆಗೆ ಹೋಗಿ, ಕಣ್ಣೆದುರೇ ಕತ್ತರಿಸಿದ್ದನ್ನು ಎಣಿಸಿದರು. 70,000 ಇದ್ದ ಅಣ್ವಸ್ತ್ರ ಇವತ್ತು ಸುಮಾರು 12,000. ಅದೂ ಜಾಸ್ತಿಯೇ, ಭೂಮಿಯನ್ನು ಸುಡಲು ಸಾಕು. ಆದರೆ ಕಡಿಮೆಯಾದದ್ದರಲ್ಲಿ ಎಷ್ಟೋ, ಯಾರೋ ಮೇಜಿನ ಎದುರು ಕೂತದ್ದರಿಂದ ಕಡಿಮೆಯಾದದ್ದು.

ಮೆಟ್ಟಿಲ ಹತ್ತಿರ ನಿಂತು ಮೊಬೈಲ್ ತೆಗೆದೆ. ಹಿಂದಿನ ಬೆಂಚಿನ ಆ ಹುಡುಗ ಈಗ ಯಲ್ಲಾಪುರದಲ್ಲಿ ಅಡಿಕೆ ವ್ಯಾಪಾರ ಮಾಡುತ್ತಾನೆ. ನಂಬರ್ ನನ್ನ ಹತ್ತಿರ ಇತ್ತು. ಮನೆಯ ಫೋಟೋ ಕಳಿಸಿ ಬರೆದೆ: 'ನೀನು 1987ರಲ್ಲಿ ಕೇಳಿದ ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟಿದ್ದೆ. ಅದು ಬೇರೆ, ಇದು ಬೇರೆ ಅಲ್ಲ. ಎರಡೂ ಒಂದೇ. ಒಪ್ಪಂದ ಹುಟ್ಟಿದ್ದು ಈ ಮನೆಯಲ್ಲಿ.' ಆ ರಾತ್ರಿಯ ಇಬ್ಬರು ಹಿರಿಯರ ಕಥೆಯನ್ನೂ ಬರೆದೆ. ಬೆರಳು ಮರಗಟ್ಟಿ ಟೈಪ್ ಮಾಡಲು ಆಗುತ್ತಿರಲಿಲ್ಲ. ಉಳಿದದ್ದನ್ನು ಮಗಳು ಟೈಪ್ ಮಾಡಿದಳು.

ಅಕ್ಟೋಬರ್ 13, ಸೋಮವಾರ

ಕೆಫ್ಲಾವಿಕ್‌ಗೆ ಮರಳುವ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಹಳೆಯ ಅಮೆರಿಕನ್ ಸೇನಾನೆಲೆಯ ಕಟ್ಟಡಗಳು ಕಂಡವು. 2006ರಲ್ಲಿ ಸೈನಿಕರು ಬಿಟ್ಟು ಹೋದರು. ಈಗ ಅಲ್ಲಿ ಸಾಮಾನ್ಯ ಜನ ಸಂಸಾರ ಮಾಡಿಕೊಂಡಿದ್ದಾರೆ.

ನಿಲ್ದಾಣದಲ್ಲಿ ಕೂತಾಗ ಹುಡುಗನ ಧ್ವನಿ ಸಂದೇಶ ಬಂತು. ಹುಡುಗ ಅಂದರೂ ಈಗ ಐವತ್ತು ದಾಟಿದ್ದಾನೆ. ಹಿಂದೆ ಅಡಿಕೆ ಮಂಡಿಯ ಗದ್ದಲ ಕೇಳುತ್ತಿತ್ತು.

"ಅಕ್ಕೋರೆ, ನಮಸ್ಕಾರ. ನಾ ಹಂಗೆ ಕೇಳಿದ್ನಾ? ಖರೇ ಹೇಳ್ತೆ, ನಂಗೆ ನೆನಪೇ ಇಲ್ಲ. ಆದರೆ ನೀವು ಬರೆದದ್ದು ಎರಡು ಸಲ ಓದಿದೆ. ಮಗಳಿಗೂ ಓದಿ ಹೇಳಿದೆ, ಒಂಬತ್ತನೇ ಕ್ಲಾಸು ಅವಳು. ಅವಳು ಕೇಳ್ತಾ ಇದ್ದಾಳೆ, ಆ 1,600, 6,000 ಅನ್ನೋ ಕಟ್ಟು ಈಗಲೂ ಇದ್ಯಾ ಅಂತ."

ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. 1987ರ ಒಪ್ಪಂದ 2019ರಲ್ಲಿ ಸತ್ತಿತು. ಸ್ಟಾರ್ಟ್ ಒಪ್ಪಂದದ ಮೊಮ್ಮಗನಂಥ ನ್ಯೂ ಸ್ಟಾರ್ಟ್ ಒಂದೇ ಆಗ ಉಳಿದಿತ್ತು. ಅದರಲ್ಲಿ ಸಜ್ಜಾಗಿಟ್ಟ ಸಿಡಿತಲೆಗಳ ಮಿತಿ 1,550 ಇತ್ತು. ಅದರ ಅವಧಿಯೂ 2026ರ ಫೆಬ್ರವರಿ 5ಕ್ಕೆ ಮುಗಿಯುವುದಿತ್ತು. ಪರಸ್ಪರ ತಪಾಸಣೆ 2020ರಲ್ಲೇ ನಿಂತಿತ್ತು. ಇನ್ನೊಂದು ವರ್ಷ ಮಿತಿ ಮೀರದೆ ಇರೋಣ ಎಂದು ರಷ್ಯಾದ ಪುಟಿನ್ ಹಿಂದಿನ ತಿಂಗಳು ಹೇಳಿದ್ದರು. ಒಳ್ಳೆಯ ಯೋಚನೆ ಎಂದು ಅಮೆರಿಕದ ಟ್ರಂಪ್ ಹೇಳಿದ್ದರು. ಆದರೆ ಮೇಜಿನ ಎದುರು ಆಗ ಇನ್ನೂ ಯಾರೂ ಕೂತಿರಲಿಲ್ಲ.

ಇದನ್ನೆಲ್ಲ ಮಗುವಿಗೆ ಹೇಗೆ ಹೇಳಲಿ? ಬರೆಯತೊಡಗಿದೆ, ಅಳಿಸಿದೆ, ಮತ್ತೆ ಬರೆಯತೊಡಗಿದೆ. ಅಷ್ಟರಲ್ಲಿ ನಮ್ಮ ವಿಮಾನದ ಕರೆ ಬಂತು. ಮಗಳು ಚೀಲ ಎತ್ತಿಕೊಂಡಳು.

'ದೀಪಾವಳಿಗೆ ಊರಲ್ಲಿರುತ್ತೇನೆ. ಅವಳನ್ನು ಕರೆದುಕೊಂಡು ಬಾ' ಎಂದು ಬರೆದು ಎದ್ದೆ.